ಒಂಬತ್ತು ಹುಣಸೆ, ಅರವತ್ತು ತೆಂಗು

ಬೆಳಿಗ್ಗೆ ಆರಕ್ಕೇ ಮಿಂದು, ಒಗೆದ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ಜಗುಲಿಯ ಮೇಲೆ ಕೂತ ದೇವಿರಮ್ಮ ಹತ್ತು ಗಂಟೆಯಾದರೂ ಎದ್ದಿರಲಿಲ್ಲ. ನಾಲೆಗೆ ನೀರು ಬಿಟ್ಟು ಎಂಟು ದಿನವಾಗಿತ್ತು. ಕಿರುಗಾವಲಿನಿಂದ ಎರಡು ಮೈಲಿ ಒಳಗಿರುವ ಬಿದರಕೊಪ್ಪಲಿನಲ್ಲಿ ಅವತ್ತು ನಾಟಿ ಶುರು. ನಲವತ್ತು ವರ್ಷದಿಂದ ಆ ಊರಲ್ಲಿ ಯಾರದೇ ಗದ್ದೆಯಾಗಲಿ, ಮೊದಲ ಪೈರು ಊರುತ್ತಿದ್ದದ್ದು ದೇವಿರಮ್ಮ. ಬೆಳಕು ಹರಿಯುವ ಮೊದಲೇ ಎಲೆ ಅಡಿಕೆ ಹಿಡಿದು ಕರೆಯಲು ಬರುತ್ತಿದ್ದರು, 'ನಮ್ಮದು ಮೊದಲು, ನಮ್ಮದು ಮೊದಲು' ಅಂತ ಬಾಗಿಲಲ್ಲೇ ಜಗಳ ಆಡುತ್ತಿದ್ದರು. ಅವತ್ತು ಒಂದು ನರಪಿಳ್ಳೆಯೂ ಬರಲಿಲ್ಲ.

"ಒಳಕ್ಕೆ ಬಾ, ಮುದ್ದೆ ಉಣ್ಣು," ಎಂದ ಗಂಡ ಮುದ್ದಯ್ಯ.

"ನೀನು ಉಣ್ಣು. ಕೆಳಗಲ ಬೀದಿ ಕುಸುಮನ ಕರ್ದವ್ರಂತೆ ಮೊದ್ಲ ಪೈರಿಗೆ. ಬೇಲಿಗೆ ಹಾಕಿದ ದಾಸವಾಳನೇ ಬದುಕಿಸಕ್ಕಾಗ್ನಿಲ್ಲ ಅವ್ಳ ಕೈಲಿ!" ಅಂದಳು ದೇವಿರಮ್ಮ. ಗಂಡನ ಮುಂದೆ ಅಳಬಾರದೆಂದು ಎದ್ದು ಹಿತ್ತಲಿಗೆ ಹೋದಳು.

ಕೈಗುಣ ಅನ್ನುವುದು ಬೇಡಿದರೆ ಸಿಗುವುದಲ್ಲ, ಸಂತೆಯಲ್ಲಿ ಕೊಳ್ಳುವುದಲ್ಲ. ದೇವಿರಮ್ಮ ಹದಿನೆಂಟಕ್ಕೆ ಮದುವೆಯಾಗಿ ಬಂದ ವರ್ಷ ಅವಳ ಅತ್ತೆ ಒಂಬತ್ತು ಹುಣಸೆ ಸಸಿ ಕೊಟ್ಟು, "ನೆಡವ್ವ, ನಿನ್ನ ಕೈ ಎಂಗೈತೆ ನೋಡುವ," ಎಂದಿದ್ದಳು. ಆ ವರ್ಷ ಮಳೆ ಕೈಕೊಟ್ಟರೂ ಒಂಬತ್ತರಲ್ಲಿ ಒಂದೂ ಸಾಯಲಿಲ್ಲ. ಅಲ್ಲಿಂದ ಶುರುವಾಯಿತು. ಕರಿಬೇವು, ನುಗ್ಗೆ, ಬಾಳೆ, ಯಾರು ಏನು ನೆಡಬೇಕಾದರೂ ದೇವಿರಮ್ಮನನ್ನು ಕರೆ. ಪಕ್ಕದ ಹೊಲದ ಚಲುವರಾಜು ಹುಡುಗಾಟದ ವಯಸ್ಸಿನಲ್ಲಿ ತೆಂಗಿನ ತೋಟ ಇಟ್ಟಾಗ ಅರವತ್ತು ಸಸಿಗೂ ಅವಳ ಕೈ ತಾಗಲೇಬೇಕೆಂದು ಹಟ ಹಿಡಿದಿದ್ದ. ಎರಡು ದಿನ ಬಗ್ಗಿ ಬಗ್ಗಿ ನೆಟ್ಟು, ಹಿಮ್ಮಡಿಯಿಂದ ಮಣ್ಣು ತುಳಿದು ಕೂರಿಸಿ, ಅವಳ ಸೊಂಟ ಹಿಡಿದುಕೊಂಡಿತ್ತು. ಅರವತ್ತೂ ಬದುಕಿ, ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ ಚಲುವರಾಜನ ಕಾಯಿಗೆ ಹೆಸರು ಬಂದಿತ್ತು. ಅಂಥವನೇ ಅವಳ ಕೈಗೆ ಮಸಿ ಬಳಿದ, ಪಾಪಿ ನನ್ ಮಗ.

ನಡೆದದ್ದು ಇಷ್ಟು. ಮೂರು ವರ್ಷದ ಹಿಂದೆ, ಚಿತ್ತೆ ಮಳೆ ಹೊಯ್ಯುತ್ತಿದ್ದಾಗ, ದೇವಿರಮ್ಮ ಮಗಳು ನಯನಳ ಬಾಣಂತನಕ್ಕೆಂದು ಸೋಮನಹಳ್ಳಿಗೆ ಹೋಗಿದ್ದಳು. ಮುದ್ದಯ್ಯನೂ ಜೊತೆಗೆ ಹೋಗಿದ್ದ. ಅದೇ ಸಮಯಕ್ಕೆ ಚಲುವರಾಜು ತನ್ನ ಮೇಲಿನ ಹೊಲದ ನೀಲಗಿರಿಯನ್ನು ಮರದ ಕಂಟ್ರಾಕ್ಟರಿಗೆ ಮಾರಿದ. ಆ ಹೊಲದಿಂದ ರಸ್ತೆಗೆ ಬರಲು ಎರಡೇ ದಾರಿ. ಒಂದು ಅವನದೇ ತೆಂಗಿನ ತೋಟದೊಳಗೆ, ಇನ್ನೊಂದು ದೇವಿರಮ್ಮನ ಹುಣಸೆ ತೋಪಿನೊಳಗೆ. ಇನ್ನೊಬ್ಬರ ನೆಲದ ಮೇಲೆ ಗಾಡಿ ಹೊಡೆಯಬೇಕಾದರೆ ಎಲೆ ಅಡಿಕೆ ಇಟ್ಟು ದಾರಿ ಕೇಳುವುದು ಆ ಕಡೆಯ ಪದ್ಧತಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಅವನು ಕೇಳಲಿಲ್ಲ. ಹನ್ನೆರಡು ದಿನ, ಸುರಿಯುವ ಮಳೆಯಲ್ಲಿ, ಮರ ಎತ್ತುವ ಹಿಟಾಚಿ, ದಿಮ್ಮಿ ತುಂಬಿದ ಟ್ರ್ಯಾಕ್ಟರು, ಹತ್ತು ಚಕ್ರದ ಲಾರಿ, ಎಲ್ಲವೂ ಆ ಒಂಬತ್ತು ಮರಗಳ ಬುಡದಲ್ಲೇ ಓಡಾಡಿದವು.

ಅವಳು ಬಂದು ನೋಡಿದಾಗ ತೋಪಿನಲ್ಲಿ ಮೊಣಕಾಲಾಳದ ಚಕ್ರದ ಜಾಡು, ಜಾಡಿನ ತುಂಬ ಕೆಂಪು ನೀರು. ಚಲುವರಾಜು ಹಲ್ಲು ಕಿರಿಯುತ್ತ ಬಂದಿದ್ದ.

"ಅರ್ಜೆಂಟಿತ್ತು ಕಣಕ್ಕ, ನೀನಿರ್ನಿಲ್ಲ. ನೋಡು, ಒಂದು ಕೊಂಬೆ ಮುರ್ದಿದ್ದದಾ? ಒಂದು ಎಲೆ ಉದುರಿದ್ದದಾ?"

ಇರಲಿಲ್ಲ. ಒಂಬತ್ತೂ ಮರ ಹಸಿರಾಗಿ ನಿಂತಿದ್ದವು. "ಆಗ್ಲಿ ಬುಡ್ಲಾ, ಇನ್ನೊಂದ್ಸಲ ಕೇಳಿ ಓಗು," ಅಂದುಬಿಟ್ಟಳು. ಆಮೇಲೆ ತಾನೇ ಟಿಲ್ಲರ್ ಕರೆಸಿ ಜಾಡನ್ನು ಮಟ್ಟ ಮಾಡಿಸಿದಳು. ಮೇಲಿನ ಗಾಯಕ್ಕೆ ಮಣ್ಣು ಮುಚ್ಚಿ, ತನ್ನ ಸಾಕ್ಷಿಯನ್ನು ತಾನೇ ಅಳಿಸಿದಳು. ಒಳ್ಳೆಯವರ ಬುದ್ಧಿಯೇ ಅಷ್ಟು.

ಎರಡನೇ ಬೇಸಿಗೆಗೆ ನೆತ್ತಿ ಒಣಗಿತು. ಮೂರನೆಯದಕ್ಕೆ ಒಂಬತ್ತೂ ಬೋಳು. ದೇವಿರಮ್ಮ ಚಲುವರಾಜನ ಮನೆಗೆ ಹೋಗಿ, "ನಿನ್ನ ಮಿಶನ್ನು ತುಳಿದೇ ಕಣ್ಲಾ ನನ್ನ ಮರ ಸತ್ತದ್ದು. ಬಿಡಿಗಾಸು ಬ್ಯಾಡ. ತಪ್ಪಾಯ್ತು ಕಣಕ್ಕ ಅನ್ನು, ಸಾಕು," ಅಂದಳು. ಅವನು ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ಡೈರಿಯ ಮುಂದೆ, ಊರೆಲ್ಲ ಹಾಲಿನ ಕ್ಯಾನು ಹಿಡಿದು ನಿಂತಿದ್ದಾಗ, ಗಂಟಲು ಹರಿಯುವಂತೆ ಕೂಗಿದ:

"ಗಾಡಿ ಓಡುದ್ರೆ ಮರ ಸತ್ತದೇನ್ರಪ್ಪಾ? ಅದೂ ಮೂರು ವರ್ಸ ಬುಟ್ಟು! ನನ್ ತಾವ ಪರಿಹಾರ ಕೀಳಕ್ಕೆ ತಾನೇ ಬುಡಕ್ಕೆ ಕಳೆ ಔಸ್ತಿ ಉಯ್ದವ್ಳೆ ಈಯಮ್ಮ!"

ಊರ ಹಿರಿಯ ಮರಿಸಿದ್ದಯ್ಯ ಗಡ್ಡ ಕೆರೆದುಕೊಂಡು, "ಮೂರು ವರ್ಸ ಅಂದ್ರೆ ವಸಿ ಉದ್ದ ಆಯ್ತಲ್ಲವ್ವ," ಅಂದ. ಅಷ್ಟೇ. ಅಷ್ಟರಲ್ಲಿ ನ್ಯಾಯ ಮುಗಿಯಿತು. ಫಲ ಬಿಡುವ ಮರ ಕೊಂದ ಕೈಯಿಂದ ಯಾರು ಪೈರು ಊರಿಸುತ್ತಾರೆ?

ಗಾಡಿ ತುಳಿದರೆ ಮರ ಹೇಗೆ ಸಾಯುತ್ತದೆಂದು ಅವಳಿಗೆ ಸರಿಯಾಗಿ ತಿಳಿದದ್ದು ಮಳವಳ್ಳಿಯವರೊಬ್ಬರಿಂದ. ಮಣ್ಣು ಪರೀಕ್ಷೆಯ ಕೆಲಸದಿಂದ ನಿವೃತ್ತರಾದ ರಾಮಾನುಜ ಅಲ್ಲಿದ್ದರು. ಅವರ ಹೆಂಡತಿ ಶ್ರೀಮತಿಯ ಪುಳಿಯೋಗರೆಗೆ ಇಪ್ಪತ್ತು ವರ್ಷದಿಂದ ದೇವಿರಮ್ಮನ ಹುಣಸೆಹಣ್ಣೇ ಆಗಬೇಕು. ಡೈರಿ ಮುಂದಿನ ಆ ಗಲಾಟೆಯಾದ ವಾರ, ಈ ಸಲ ಹಣ್ಣಿಲ್ಲ ಅಂತ ಹೇಳಲು ಹೋದವಳು ಅವರ ನಡುಮನೆಯಲ್ಲಿ ಕೂತು ಗೊಳೋ ಅಂತ ಅತ್ತಳು. ರಾಮಾನುಜ ಮಾರನೆಯ ದಿನವೇ ಸ್ಕೂಟರಿನಲ್ಲಿ ಬಂದರು. ಹಾರೆ ಕೇಳಿದರು. ಜಾಡಿದ್ದ ಕಡೆ ನೆಲಕ್ಕೆ ಚುಚ್ಚಿದರು. ಒಂದು ಗೇಣು ಇಳಿದು ಠಣ್ಣೆಂದು ನಿಂತಿತು. ಬದುವಿನ ಪಕ್ಕ, ಚಕ್ರ ಹೋಗದ ಕಡೆ ಚುಚ್ಚಿದರು. ಹಾರೆ ಮೊಳದುದ್ದ ಇಳಿಯಿತು.

"ಮಣ್ಣೂ ಇಡ್ಲಿ ಇದ್ದ ಹಾಗಮ್ಮ, ಒಳಗೆಲ್ಲ ತೂತು," ಎಂದರು ರಾಮಾನುಜ. "ಆ ತೂತಿನಲ್ಲಿ ಗಾಳಿ ಇರುತ್ತೆ, ನೀರು ಇಳಿಯುತ್ತೆ. ಅದರ ಮೇಲೆ ಒರಳುಗುಂಡು ಹೇರಿದರೆ ಏನಾಗುತ್ತೆ? ಒಣಗಿದ ನೆಲ ಆಗಿದ್ದರೆ ಅಷ್ಟೋ ಇಷ್ಟೋ ತಡೀತಿತ್ತು. ಮಳೇಲಿ ಓಡಿಸಿದ್ದಾರೆ. ಹಿಟ್ಟು ಹಿಸುಕಿದ ಹಾಗೆ ಹಿಸುಕಿಬಿಟ್ಟಿದೆ."

ಬುಡದಿಂದ ದೂರ ಒಂದು ಗುಂಡಿ ತೋಡಿಸಿದರು. ಮಣ್ಣು ಹಳಸಿದ ವಾಸನೆ ಹೊಡೆಯಿತು. ಒಂದು ಎರೆಹುಳ ಇಲ್ಲ. ಕೂದಲಿನಷ್ಟು ಸಣ್ಣ ಬೇರುಗಳು ಕಪ್ಪಗಾಗಿ, ಕೈಗೆ ಸಿಪ್ಪೆ ಬಿಟ್ಟವು.

"ಮರಕ್ಕೆ ಊಟ ತರೋದು ಈ ಸಣ್ಣ ಬೇರು. ಮೇಲುಮೇಲೇ ಇರುತ್ತೆ, ನೆರಳು ದಾಟಿ ಹರಡಿರುತ್ತೆ. ಇವಕ್ಕೂ ಉಸಿರಾಡಬೇಕಮ್ಮ. ಉಸಿರು ಕಟ್ಟಿತು ಅಂತ ಮರ ಅವತ್ತೇ ಬೀಳಲ್ಲ. ಮೈಯಲ್ಲಿದ್ದದ್ದನ್ನ ತಿಂದುಕೊಂಡು ಎರಡು ವರ್ಷ, ಮೂರು ವರ್ಷ ನಿಂತಿರುತ್ತೆ. ನಾನು ಬರೆದು ಕೊಡ್ತೀನಿ, ಊರಲ್ಲಿ ತೋರಿಸಿ."

ದೇವಿರಮ್ಮ ಆ ಕಪ್ಪು ಬೇರನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. "ಬ್ಯಾಡಿ ಸ್ವಾಮಿ. ಬರ್ದಿದ್ದನ್ನ ಯಾರು ಓದಾರು? ಅವನ ಬಾಯಲ್ಲೇ ಯೋಳುಸ್ತೀನಿ."

ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ? ಅರವತ್ತೆರಡರ ಹೆಂಗಸು ಆ ಬೇರನ್ನು ದೇವರ ಗೂಡಿನಲ್ಲಿಟ್ಟು ಕಾದಳು. ನಾಟಿಯ ದಿನ ಜಗುಲಿಯ ಮೇಲೆ ಕಾದು ಕೂತು ಅವಮಾನವಾದ ಮೇಲಂತೂ, ಬೆಳಿಗ್ಗೆ ಎದ್ದರೆ ಚಲುವರಾಜ, ಮಲಗಿದರೆ ಚಲುವರಾಜ. ಗಂಡನನ್ನೂ ಅಷ್ಟು ನೆನೆದವಳಲ್ಲ ಅವಳು.

ಕಾಲ ತಾನಾಗಿ ಬಂತು. ಅದೇ ವರ್ಷ ಸ್ವಾತಿ ಮಳೆಯ ಹೊತ್ತಿಗೆ ಚಲುವರಾಜು ಅದೇ ಮೇಲಿನ ಹೊಲದಲ್ಲಿ ಉಳಿದಿದ್ದ ಸಿಲ್ವರ್ ಓಕ್ ಮರಗಳನ್ನೂ ಮಾರಿದ. ಮಳೆಗಾಲದಲ್ಲಿ ಬೇರೆ ಕಡೆ ಕೆಲಸವಿಲ್ಲದ ಕಂಟ್ರಾಕ್ಟರು ಈಗಲೇ ಕಡಿಯುತ್ತೇನೆಂದು ಕೂತ. ಈ ಸಲ ದಾರಿ ಕೇಳದೆ ನುಗ್ಗುವ ಮುಖವಿರಲಿಲ್ಲ, ತಾನೇ ಬರುವ ಮುಖವೂ ಇರಲಿಲ್ಲ. ಸೊಸೆ ಕವಿತಳ ಕೈಯಲ್ಲಿ ಎಲೆ ಅಡಿಕೆ ಕಳಿಸಿದ. ಕವಿತ ಚಿಕ್ಕರಸಿನಕೆರೆ ಕಡೆಯ ಹುಡುಗಿ, ಮಾವನ ತೋಟವನ್ನು ಮಾವನಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದವಳು.

"ಎಲೆ ಅಡಿಕೆ ವಾಪಸ್ ತಕ್ಕಂಡು ಓಗು ಮಗ," ಎಂದಳು ದೇವಿರಮ್ಮ. "ದಾರಿ ಕೊಡಾಕಿಲ್ಲ. ನಿಮ್ಮ ತೋಟದಾಗೇ ಓಗ್ಲಿ."

ಕವಿತ ಎದ್ದಳು. ಹೊಸ್ತಿಲ ಬಳಿ ನಿಂತು ಹಿಂತಿರುಗಿ ನೋಡಿದಳು. "ದೊಡ್ಡವ್ವ, ನೆಲ ಪಿಚಪಿಚ ಅಂತೈತೆ. ಅಷ್ಟು ತೂಕದ ಗಾಡಿ ಓಡಾಡುದ್ರೆ ತೆಂಗಿಗೆ ಏನಾರ ಆದದಾ? ನಂಗ್ಯಾಕೋ ಭಯ. ನೀವಾರ ಯೋಳಿ."

ದೇವಿರಮ್ಮನ ನಾಲಿಗೆ ತುದಿಯಲ್ಲಿ ಮಾತಿತ್ತು. ಸಂಕ್ರಾಂತಿ ಕಳೀಲಿ, ನೆಲ ಒಣಗಲಿ, ಆಮೇಲೆ ಕಡಿಸಿ ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತನ್ನು ಎಂಜಲಿನ ಜೊತೆ ನುಂಗಿದಳು.

"ನನ್ನ ಯಾಕೆ ಕೇಳೀಯೆ? ನಿಮ್ಮ ಮಾವನ್ನೇ ಕೇಳು. ಗಾಡಿ ಓಡುದ್ರೆ ಮರ ಸಾಯಾಕಿಲ್ಲ ಅಂತ ಡೈರಿ ಮುಂದೆ ಯೋಳವ್ನಲ್ಲ."

ಕವಿತ ಹೋಗಿ ಕೇಳಿದಳಂತೆ. ಮೀಸೆ ಮಣ್ಣಾಗಬಾರದಲ್ಲ, ಊರ ಮುಂದೆ ಆಡಿದ ಮಾತನ್ನು ಮನೆಯೊಳಗೆ ತಿನ್ನುವುದು ಹೇಗೆ? "ಆ ಮುದುಕಿ ತಲೆ ಕೆಡ್ಸವ್ಳೆ ನಿಂಗೆ, ಸುಮ್ಕೆ ಒಳಿಕ್ಕೋಗು," ಎಂದು ಗದರಿದನಂತೆ.

ಹನ್ನೊಂದು ದಿನ ಗಾಡಿಗಳು ಓಡಿದವು. ದೇವಿರಮ್ಮ ದಿನವೂ ಬುತ್ತಿ ಕಟ್ಟಿಕೊಂಡು ಹೋಗಿ ತನ್ನ ಬದುವಿನ ಮೇಲೆ, ಸತ್ತ ಹುಣಸೆಯ ಬುಡದಲ್ಲಿ ಕೂತು ನೋಡಿದಳು. ದಿಮ್ಮಿ ಕಚ್ಚಿಕೊಂಡ ಹಿಟಾಚಿ ತೆಂಗಿನ ಸಾಲುಗಳ ನಡುವೆ ಉರುಳುತ್ತಿತ್ತು. ಅದು ಹೋದ ಕಡೆ ಮಣ್ಣು ಬದಿಗೆ ಉಕ್ಕಿ, ನಡುವೆ ಗಾರೆ ನೆಲದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಲಾರಿ ಹೂತುಕೊಂಡಾಗಲೆಲ್ಲ ಇನ್ನೊಂದು ಪಕ್ಕದಿಂದ ಹೊಸ ಜಾಡು. ಎಷ್ಟು ಚೆನ್ನಾಗಿ ತುಳಿಯುತ್ತಿದೆ, ಇನ್ನಷ್ಟು ತುಳಿಯಲಿ ಅಂದುಕೊಂಡಳು. ರೊಟ್ಟಿ ಅಷ್ಟು ರುಚಿಯಾಗಿದ್ದು ಆ ಹನ್ನೊಂದು ದಿನವೇ ಇರಬೇಕು.

ಕೊನೆಯ ದಿನ ಚಲುವರಾಜು ಟ್ರ್ಯಾಕ್ಟರಿನ ಮೇಲೆ ನಿಂತು ಕೂಗಿದ: "ನೋಡ್ದಾ ದೇವಿರಕ್ಕ? ಒಂದು ಗರಿನಾರ ಮುಟ್ಟದಾ?"

"ಇಲ್ಲ ಕಣಪ್ಪ, ಒಂದನ್ನೂ ಮುಟ್ನಿಲ್ಲ," ಅಂದಳು ದೇವಿರಮ್ಮ. ನಗು ಬರದಂತೆ ತುಟಿ ಕಚ್ಚಿಕೊಂಡಳು.

ಮುಂದಿನ ವರ್ಷ ಏನೂ ಆಗಲಿಲ್ಲ ಅನ್ನುವಷ್ಟು ಕಡಿಮೆ ಆಯಿತು. ತೆಂಗಿನ ಹರಳು, ಎಳೆ ಮಿಡಿಗಾಯಿ, ಒಂದಿಷ್ಟು ಉದುರಿತು, ಚಲುವರಾಜು ಬಿಸಿಲು ಅಂದ. ಅದರ ಮುಂದಿನ ಬೇಸಿಗೆಗೆ ಹೊಂಬಾಳೆ ಬಿಚ್ಚುವ ಮೊದಲೇ ಕರಕಲು. ಗರಿ ಹಳದಿ ತಿರುಗಿ ಕೊಡೆ ಮಡಚಿದ ಹಾಗೆ ಜೋತುಬಿದ್ದವು. ಉಪ್ಪು ಹಾಕಿದ, ಗೊಬ್ಬರ ಹಾಕಿದ, ಬೇರಿಗೆ ಔಷಧಿಯ ಚೀಲ ಕಟ್ಟಿದ. ಮದ್ದೂರಿನಿಂದ ಬಂದ ಎಳನೀರಿನ ವ್ಯಾಪಾರಿ ತೋಟದ ಬಾಗಿಲಿಂದಲೇ ಗಾಡಿ ತಿರುಗಿಸಿಕೊಂಡು ಹೋದ. ಯಾರೋ ವಿಷ ಹಾಕಿದರು ಎನ್ನೋಣ ಅಂದರೆ ತೋಟಕ್ಕೆ ತಂತಿಬೇಲಿ, ಎರಡು ನಾಯಿ. ಅದಕ್ಕಿಂತ ಹೆಚ್ಚಾಗಿ, ಕೆಟ್ಟ ಮರಗಳೆಲ್ಲ ಗಾಡಿ ಹೋದ ಸಾಲಿನವೇ. ಜಾಡಿಲ್ಲದ ಮೂಲೆಯ ಎಂಟು ಮರ ಮಾತ್ರ ಹೆಣದ ಮನೆಗೆ ಬಂದ ನೆಂಟರಂತೆ ಸುಮ್ಮನೆ ನಿಂತಿದ್ದವು. ಕುರುಡನಿಗೂ ಕಾಣುವಂತಿತ್ತು.

ಜುಲೈ ತಿಂಗಳ ಒಂದು ಸಂಜೆ ಚಲುವರಾಜು ದೇವಿರಮ್ಮನ ಜಗುಲಿಯ ಕೆಳಗೆ ಬಂದು ನಿಂತ. ಚಪ್ಪಲಿ ಬಿಟ್ಟು ನಿಂತಿದ್ದ. ಮುದ್ದಯ್ಯ ಕೂರಲು ಚಾಪೆ ಹಾಸಿದ. ಅವಳು ಅದನ್ನು ಸುತ್ತಿ ಒಳಗಿಟ್ಟಳು.

"ಅಕ್ಕಾ, ನಿಂಗೆ ಗೊತ್ತು. ಮಳವಳ್ಳಿ ಅಯ್ನೋರು ಬಂದು ನಿನ್ನ ನೆಲ ನೋಡಿದ್ರಂತೆ. ಉಳ್ದಿರವನ್ನ ಉಳ್ಸಕ್ಕೆ ಏನಾರ ಮಾಡ್ಬೋದಾ, ಯೋಳು. ನಾನು ಹುಟ್ಸಿದ ಮಕ್ಳಿಗಿಂತ ಹೆಚ್ಚಾಗಿ ಸಾಕಿದ್ದೆ ಕಣಕ್ಕ."

"ನಾನೇನು ನನ್ನವನ್ನ ಬಯ್ದು ಸಾಕಿದ್ನಾ?" ದೇವಿರಮ್ಮ ಎದ್ದು ನಿಂತಳು. ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಬಾಯಿಗೆ ಬಂತು. "ಮರ ಕೊಂದವ್ಳು ಅಂದೆ ನನ್ನ. ಊರಲ್ಲಿ ಒಬ್ರೂ ನನ್ನ ಕರೀದಂಗೆ ಮಾಡ್ದೆ. ನಾಳೆ ಬೆಳಿಗ್ಗೆ ಹಾಲಾಕೋ ಒತ್ಗೆ ಬಾ. ಎಲ್ಲಿ ಅಂದ್ಯೋ ಅಲ್ಲೇ ನಿಂತ್ಕಂಡು ಯೋಳು. ಆಮ್ಯಾಕೆ ನನ್ನ ಮಾತಾಡ್ಸು."

ಬಂದ. ಊರೆಲ್ಲ ಕ್ಯಾನು ಹಿಡಿದು ನಿಂತಿತ್ತು. ಚಲುವರಾಜು ತಲೆ ತಗ್ಗಿಸಿ, "ದೇವಿರಕ್ಕ ವಿಷ ಉಯ್ನಿಲ್ಲ. ಅವಳ ಮರ ಕೊಂದದ್ದು ನಾನು ತರ್ಸಿದ್ದ ಮಿಶನ್ನು. ಈಗ ನನ್ನವನ್ನೂ ಕೊಂದೈತೆ," ಅಂದ.

"ಇಂದ್ಗಡೆ ಇರೋರ್ಗೆ ಕೇಳ್ನಿಲ್ಲ," ಅಂದಳು ದೇವಿರಮ್ಮ.

ಅವನು ಮತ್ತೆ ಹೇಳಿದ. ಅವಳು ಸೆರಗಿನ ಗಂಟು ಬಿಚ್ಚಿ, ದೇವರ ಗೂಡಿನಿಂದ ತಂದಿದ್ದ ಆ ಕಪ್ಪು ಬೇರನ್ನು ಅವನ ಅಂಗೈಗೆ ಹಾಕಿದಳು. "ಇಟ್ಕೋ. ಇದು ನನ್ನದು. ನಿಂದು ನೀನೇ ತೋಡ್ಕೋ. ಜಾಡಿನುದ್ದಕ್ಕೂ ಹಾರೇಲಿ ತೂತು ಹೊಡ್ದು ಗೊಬ್ರ ಮರಳು ತುಂಬು, ನಿಂತ ನೀರು ಕಾಲ್ವೆ ತೆಗ್ದು ಹೊರಕ್ಕೆ ಬುಡು, ಇನ್ಮ್ಯಾಕೆ ಒಂದು ಗಾಡಿನೂ ಬುಡ್ಬ್ಯಾಡ. ಬದುಕೋವು ಬದುಕ್ತವೆ." ಅಷ್ಟು ಹೇಳಿ ಹಾಲಿನ ಕ್ಯಾನು ಎತ್ತಿಕೊಂಡು, ಬೀದಿಯ ನಡುವೆ, ಮದುವಣಗಿತ್ತಿಯ ಹಾಗೆ ತಲೆ ಎತ್ತಿ ನಡೆದಳು. ಅಬ್ಬಾ, ಎಂಥ ಬೆಳಗು ಅದು! ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದಳು.

ನಾಲ್ಕನೇ ದಿನಕ್ಕೆ ನಾಟಿ. ಬೆಳಗಾಗುವ ಮೊದಲೇ ಬಾಗಿಲಲ್ಲಿ ಮೂರು ಮನೆಯವರು. ಮರಿಸಿದ್ದಯ್ಯ ತಾನೇ ಬಂದು, ಮೊದಲು ಚಲುವರಾಜನ ಗದ್ದೆಗೇ ಹೋಗಬೇಕು, ಊರಿನ ಮನಸ್ತಾಪ ಅಲ್ಲೇ ಮುಗಿಯಲಿ ಎಂದ. ದೇವಿರಮ್ಮ ಹೋದಳು. ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಕೆಸರು ತಣ್ಣಗೆ ಮೊಣಕಾಲಿಗೆ ಹತ್ತಿದಾಗ ಅವಳ ಕಣ್ಣಲ್ಲಿ ನೀರು ಬಂತು. ಎಷ್ಟು ದಿನವಾಗಿತ್ತು!

ಕವಿತ ಅರಿಸಿನ ಕುಂಕುಮ ಹಚ್ಚಿದ ಪೈರಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಗಂಡಸರೆಲ್ಲ ದೂರದ ಬದುವಿನ ಮೇಲಿದ್ದರು. ಕಟ್ಟನ್ನು ನೀಡಿದಳು, ಆದರೆ ಬಿಡಲಿಲ್ಲ.

"ದೊಡ್ಡವ್ವ, ಆವತ್ತು ಎಲೆ ಅಡಿಕೆ ಇಡ್ಕಂಡು ಬಂದಿದ್ನಲ್ಲ, ತೋಟಕ್ಕೆ ಏನಾರ ಆದದಾ ಅಂತ ಕೇಳಿದ್ನಲ್ಲ. ಆವತ್ತೇ ಗೊತ್ತಿತ್ತಾ ನಿಮ್ಗೆ?"

ಗದ್ದೆಯಿಂದ ನೋಡಿದರೆ ತೋಟ ಪೂರ್ತಿ ಕಾಣುತ್ತಿತ್ತು. ಎರಡು ವರ್ಷ ಅದನ್ನು ಚಲುವರಾಜನ ತೋಟ ಅಂತಲೇ ನೋಡಿದ್ದಳು ದೇವಿರಮ್ಮ. ಈಗ ಒಂದೊಂದು ಬುಡವೂ ಗುರುತು ಸಿಕ್ಕಿತು. ಮೊದಲ ಸಾಲಿನ ಕೊನೆಯದನ್ನು ನೆಡುವಾಗ ಕಲ್ಲು ಅಡ್ಡ ಸಿಕ್ಕಿ ಗುಂಡಿ ಬದಲಿಸಿದ್ದು, ನಡುವಿನ ಸಾಲಿನ ಸೊಟ್ಟ ಸಸಿಗೆ ತನ್ನ ಸೆರಗಿನ ಅಂಚು ಹರಿದು ಗೂಟಕ್ಕೆ ಕಟ್ಟಿದ್ದು, ಹಿಮ್ಮಡಿಯಲ್ಲಿ ತುಳಿದು ಕೂರಿಸಿದ ಆ ಹಸಿ ಮಣ್ಣು. ಅವಳ ಕೈ ನೆಟ್ಟ ಅರವತ್ತು. ಅವನ್ನು ಕೊಲ್ಲುವಾಗ ಬುತ್ತಿ ಕಟ್ಟಿಕೊಂಡು ಹೋಗಿ ಕೂತು ನೋಡಿದ್ದಳು.

ಸುಳ್ಳು ಹೇಳಬಹುದಿತ್ತು. ಯಾರು ಕೇಳುತ್ತಿದ್ದರು?

"ಗೊತ್ತಿತ್ತು ಕಣವ್ವ," ಅಂದಳು.

ಕವಿತ ಬೈದಿದ್ದರೆ ತಿರುಗಿ ಬೈಯುವುದು ದೇವಿರಮ್ಮನಿಗೆ ಗೊತ್ತಿತ್ತು. ಹುಡುಗಿ ಬೈಯಲೂ ಇಲ್ಲ, ಕಟ್ಟನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಅದನ್ನು ಹಾಗೇ ಹಿಡಿದು ನಿಂತಳು. ದೇವಿರಮ್ಮ ತನ್ನ ಕೈಯನ್ನು ಹಿಂದಕ್ಕೆ ತೆಗೆದು ಸೀರೆಗೆ ಒರೆಸಿಕೊಂಡಳು.

"ನೀನೇ ಊರು ಮಗ. ನಿನ್ನ ಕೈ ಸಂದಾಗೈತೆ."

"ಯಾಕವ್ವ, ಇನ್ನೂ ಮುನಿಸಾ?" ಬದುವಿನಿಂದ ಕೂಗಿದ ಮರಿಸಿದ್ದಯ್ಯ. "ಊರ ಮುಂದೆ ಒಪ್ಕಂಡನಲ್ಲ!"

"ಮುನಿಸಲ್ಲ ಕಣಣ್ಣ. ಮರ ಕೊಂದ ಕೈ ಅಂತ ಆವತ್ತು ನೀವೆಲ್ಲ ಅಂದದ್ದು ಸುಳ್ಳು." ದೇವಿರಮ್ಮ ಕೆಸರಿನಿಂದ ಕಾಲು ಕಿತ್ತು ಬದು ಹತ್ತಿದಳು. "ಈಗ ನಿಜ ಆಗೈತೆ."

ಕವಿತಳ ಹೊರತು ಯಾರಿಗೂ ಅರ್ಥವಾಗಲಿಲ್ಲ. ಚಲುವರಾಜು ಎದುರಿಗೆ ಬಂದು ಕೈ ಮುಗಿದ. ಅವಳು ಅವನ ಮುಖ ನೋಡದೆ, ಪಕ್ಕದಲ್ಲಿ ಥೂ ಅಂತ ಉಗಿದು, ಕೆಸರು ಕಾಲಲ್ಲೇ ಮನೆ ಕಡೆ ನಡೆದಳು. ಅವನ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.